ತಪಾಸಣೆಯ ವರದಿ ಕೈಸೇರಿದ ಮೇಲೆ: ಹಳೆಯ ಮನೆಯ ಬೆಲೆ ಕುರಿತ ಮರುಮಾತುಕತೆ

ಸರಕು ಖರೀದಿಯಲ್ಲಿ ವರ್ತಕರು ತೋರುವ ಎಚ್ಚರಿಕೆಯು ಮನೆಯ ಖರೀದಿಯಲ್ಲಿ ಕಾಣುವುದು ಅಪರೂಪ. ಎಪಿಎಂಸಿ ಪ್ರಾಂಗಣದಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಮಾದರಿ ತೆಗೆದು, ತೇವಾಂಶ ನೋಡಿ, ಕಾಳನ್ನು ಅಂಗೈಯಲ್ಲಿ ಹರಡಿ ಪರೀಕ್ಷಿಸಿದ ಬಳಿಕವೇ ದರ ಹೇಳುವ ವ್ಯಾಪಾರಿಯೂ, ಅಳತೆ ತಪ್ಪಿದ ಬಿಡಿಭಾಗ ಬಂದರೆ ಅಂದೇ ಡೆಬಿಟ್ ನೋಟ್ ಬರೆಯುವ ಸಣ್ಣ ಕೈಗಾರಿಕೋದ್ಯಮಿಯೂ, ಇಪ್ಪತ್ತೈದು ವರ್ಷ ಹಳೆಯದಾದ ಮನೆಯೊಂದನ್ನು ಕೊಳ್ಳುವಾಗ ಸಂಜೆಯ ಹೊತ್ತು ಎರಡು ಸಲ ಹೋಗಿ ನೋಡಿಬಂದು ಮುಂಗಡ ಕೊಟ್ಟುಬಿಡುತ್ತಾರೆ. ವಕೀಲರು ಹಕ್ಕುಪತ್ರಗಳನ್ನು ಪರಿಶೀಲಿಸಿರುತ್ತಾರೆ. ವಾಸ್ತು ನೋಡಿದವರೂ ಇರುತ್ತಾರೆ. ಛಾವಣಿಯೊಳಗಿನ ಕಬ್ಬಿಣ ಯಾವ ಸ್ಥಿತಿಯಲ್ಲಿದೆ ಎಂದು ನೋಡಿದವರು ಮಾತ್ರ ಇರುವುದಿಲ್ಲ.

ಕರಾರು ಆಗಿ ಒಂದೆರಡು ತಿಂಗಳು ಕಳೆದ ಮೇಲೆ ಬಣ್ಣ ಬಳಿಸಲೆಂದೋ, ಮೇಲೊಂದು ಕೋಣೆ ಕಟ್ಟಿಸಲೆಂದೋ ಕರೆಸಿದ ಎಂಜಿನಿಯರ್ ಒಬ್ಬರು ತಾರಸಿಯ ಕೆಳಭಾಗವನ್ನು ತಟ್ಟಿ ನೋಡಿ ಮುಖ ಗಂಟಿಕ್ಕುತ್ತಾರೆ. ಗಾರೆಯೊಳಗೆ ಟೊಳ್ಳು ಸದ್ದು ಕೇಳಿಸುತ್ತದೆ. ಅಲ್ಲಿಯವರೆಗೆ ನ್ಯಾಯವಾಗಿ ಕಂಡಿದ್ದ ಬೆಲೆ ಆ ಕ್ಷಣದಿಂದ ದುಬಾರಿಯಾಗಿ ಕಾಣತೊಡಗುತ್ತದೆ. ಖರೀದಿಯಿಂದ ಹಿಂದೆ ಸರಿದರೆ ಮುಂಗಡ ಹೋಗುತ್ತದೆಯೆ? ಬೆಲೆ ಇಳಿಸಿರೆಂದು ಕೇಳುವ ಹಕ್ಕು ಉಂಟೆ? ಇಳಿಸಲು ಒಪ್ಪಿದರೆ ಎಷ್ಟು, ಹೇಗೆ? ವ್ಯಾಪಾರದ ದುಡಿಯುವ ಬಂಡವಾಳದಿಂದ ಹತ್ತು ಲಕ್ಷ ತೆಗೆದು ಮುಂಗಡ ಕೊಟ್ಟ ವರ್ತಕರಿಗೆ ಇವು ರಾತ್ರಿ ನಿದ್ರೆ ಕೆಡಿಸುವ ಪ್ರಶ್ನೆಗಳು.

ಕರಾರು ಮೊದಲು, ತಪಾಸಣೆ ನಂತರ

ನಮ್ಮಲ್ಲಿ ರೂಢಿಯಾಗಿರುವ ಕ್ರಮವೇ ಖರೀದಿದಾರರ ಕೈಯನ್ನು ಕಟ್ಟಿಹಾಕುತ್ತದೆ. ದಲ್ಲಾಳಿಯ ಸಮ್ಮುಖದಲ್ಲಿ ಬೆಲೆ ತೀರ್ಮಾನವಾಗುತ್ತದೆ. ಒಂದು ವಾರದೊಳಗೆ ಕರಾರು ಪತ್ರ, ಉತ್ತರ ಕರ್ನಾಟಕದ ಮಾತಿನಲ್ಲಿ ಸಂಚಕಾರ ಪತ್ರ, ಸಿದ್ಧವಾಗಿ ಮುಂಗಡ ಕೈ ಬದಲಾಗುತ್ತದೆ. ತಪಾಸಣೆ ನಡೆಯುವುದಾದರೆ ಅದರ ನಂತರ. ಇಂಗ್ಲೆಂಡಿನಲ್ಲಿ ಇದು ಹಿಂದುಮುಂದಾಗಿದೆ. ಅಲ್ಲಿ ಬೆಲೆಗೆ ಒಪ್ಪಿದ ಮಾತು ಯಾರನ್ನೂ ಬಂಧಿಸುವುದಿಲ್ಲ. ಸರ್ವೇಯರ್ ವರದಿ ಬಂದು, ಅದರ ಮೇಲೆ ಚೌಕಾಸಿ ಮುಗಿದ ಬಳಿಕವೇ ಕರಾರುಗಳ ವಿನಿಮಯವಾಗುತ್ತದೆ. ಸ್ಕಾಟ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2008 ರ ಡಿಸೆಂಬರ್ ತಿಂಗಳಿನಿಂದ ಮನೆಯ ಸ್ಥಿತಿಗತಿಯ ವರದಿಯನ್ನು ಮಾರಾಟಗಾರನೇ ಮಾಡಿಸಿ ಒದಗಿಸಬೇಕೆಂಬ ನಿಯಮ ತಂದಿತು. ಅಂಥ ಏರ್ಪಾಡು ನಮ್ಮಲ್ಲಿ ಇಲ್ಲ. ಆದ್ದರಿಂದ ಇಲ್ಲಿ ಮರುಮಾತುಕತೆಯ ಬಲವೆಲ್ಲ ಕರಾರು ಪತ್ರದಲ್ಲಿ ಮೊದಲೇ ಬರೆದ ಒಂದೆರಡು ವಾಕ್ಯಗಳಿಂದ ಬರುತ್ತದೆ.

ಆ ವಾಕ್ಯಗಳು ಸರಳವಾದವು. ಕರಾರಿನ ದಿನದಿಂದ ಇಷ್ಟು ದಿನಗಳೊಳಗೆ ಖರೀದಿದಾರನು ತನ್ನ ಖರ್ಚಿನಲ್ಲಿ ಕಟ್ಟಡದ ತಪಾಸಣೆ ಮಾಡಿಸತಕ್ಕದ್ದು. ಮಾರಾಟಗಾರನು ಅದಕ್ಕೆ ಅವಕಾಶ ಕೊಡತಕ್ಕದ್ದು. ದುರಸ್ತಿಯ ಅಂದಾಜು ಇಂತಿಷ್ಟು ಮೊತ್ತವನ್ನು ಮೀರಿದರೆ ಉಭಯರೂ ಬೆಲೆಯನ್ನು ಮರುಪರಿಶೀಲಿಸತಕ್ಕದ್ದು. ಒಮ್ಮತ ಬಾರದಿದ್ದಲ್ಲಿ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದು. ಇಷ್ಟು ಬರೆಯಲು ಪತ್ರ ಬರಹಗಾರರಿಗೆ ಹತ್ತು ನಿಮಿಷವೂ ಬೇಡ. ಬರೆಯಿಸಿಕೊಂಡವರ ಸಂಖ್ಯೆ ಮಾತ್ರ ಬಹಳ ಕಡಿಮೆ. ಬದಲಿಗೆ ಅಚ್ಚಿನ ಮಾದರಿಯಲ್ಲಿ ಸಾಮಾನ್ಯವಾಗಿ ಕಾಣುವುದು, ಸ್ವತ್ತನ್ನು ಖುದ್ದಾಗಿ ನೋಡಿ ಒಪ್ಪಿಕೊಂಡಿರುತ್ತೇನೆ ಎಂಬ ಅರ್ಥದ ಸಾಲು. ಮುಂದೆ ತಕರಾರು ಎದ್ದಾಗ ಮಾರಾಟಗಾರರ ವಕೀಲರು ಮೊದಲು ಬೆರಳಿಡುವುದು ಅದೇ ಸಾಲಿನ ಮೇಲೆ.

ಇಂಥ ಷರತ್ತು ಇಲ್ಲದಿದ್ದರೆ ಖರೀದಿದಾರನು ಪೂರ್ತಿ ನಿರಾಧಾರನೇ? ಹಾಗೇನೂ ಇಲ್ಲ. 1882 ರ ಸ್ವತ್ತು ವರ್ಗಾವಣೆ ಕಾಯ್ದೆಯ 55 ನೆಯ ವಿಧಿಯು, ತನಗೆ ತಿಳಿದಿರುವ, ಖರೀದಿದಾರನಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರಿಕೆಯಿಂದ ಆತನು ಕಂಡುಹಿಡಿಯಲಾರದ ಮಹತ್ವದ ದೋಷವನ್ನು ಮಾರಾಟಗಾರನು ಹೇಳಲೇಬೇಕೆಂದು ವಿಧಿಸುತ್ತದೆ; ಹೇಳದೆ ಬಿಡುವುದನ್ನು ವಂಚನೆಯೆಂದೇ ಕರೆಯುತ್ತದೆ. ಮೂರೂ ಅಂಶಗಳು ಒಟ್ಟಿಗೆ ಕೂಡಿಬರಬೇಕೆಂಬುದು ಗಮನಾರ್ಹ. ಮಾರಾಟಗಾರನಿಗೂ ತಿಳಿಯದ ದೋಷ ಇದರೊಳಗೆ ಬರುವುದಿಲ್ಲ. ಕಣ್ಣಿಗೆ ಕಾಣುವ ಬಿರುಕೂ ಬರುವುದಿಲ್ಲ. 1872 ರ ಕರಾರು ಕಾಯ್ದೆಯ 19 ನೆಯ ವಿಧಿಗೆ ಇರುವ ಅಪವಾದವೂ ಇದೇ ಧಾಟಿಯದು: ಸಾಧಾರಣ ಶ್ರದ್ಧೆಯಿಂದ ಸತ್ಯವನ್ನು ತಿಳಿಯುವ ಮಾರ್ಗವಿದ್ದೂ ತಿಳಿಯದವನು, ಎದುರಿನವನ ಮೌನವನ್ನು ಮುಂದೊಡ್ಡಿ ಕರಾರನ್ನು ಮುರಿಯಲಾರ. ಆದರೆ ಸೋರುತ್ತಿದ್ದ ಛಾವಣಿಗೆ ಮಾರಾಟಕ್ಕೆ ಹದಿನೈದು ದಿನ ಮುಂಚೆ ಪುಟ್ಟಿ ಹಚ್ಚಿ ಬಣ್ಣ ಬಳಿಸಿದ್ದರೆ ಸಂಗತಿ ಬೇರೆ. ಅದು ಮೌನದ ಎಲ್ಲೆಯನ್ನು ದಾಟಿ, ಅದೇ ಕಾಯ್ದೆಯ 17 ನೆಯ ವಿಧಿ ಹೇಳುವ ಸಕ್ರಿಯ ಮರೆಮಾಚುವಿಕೆಯಾಗುತ್ತದೆ. ಮನೆಯೆಲ್ಲ ಹಳೆಯ ಬಣ್ಣದಲ್ಲಿದ್ದು ಒಂದು ಕೋಣೆಯ ಛಾವಣಿ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅದರ ಛಾಯಾಚಿತ್ರವನ್ನು ದಿನಾಂಕ ಸಹಿತ ತೆಗೆದಿರಿಸುವುದು ಒಳ್ಳೆಯದು.

ಮುಂಗಡದ ಕುರಿತಾಗಿಯೂ ಸ್ವಲ್ಪ ಸ್ಪಷ್ಟತೆ ಬೇಕು. ಸರ್ವೋಚ್ಚ ನ್ಯಾಯಾಲಯವು 2012 ರ ತೀರ್ಪೊಂದರಲ್ಲಿ, ಕರಾರಿನ ಖಾತರಿಗಾಗಿ ಕೊಟ್ಟ ಹಣವನ್ನು ಕರಾರಿನಲ್ಲಿ ಸ್ಪಷ್ಟ ಷರತ್ತು ಇದ್ದರೆ ಮಾರಾಟಗಾರ ಉಳಿಸಿಕೊಳ್ಳಬಹುದು, ಕೇವಲ ಬೆಲೆಯ ಒಂದು ಭಾಗವಾಗಿ ಕೊಟ್ಟ ಹಣವನ್ನು ಹಾಗೆ ಉಳಿಸಿಕೊಳ್ಳುವಂತಿಲ್ಲ ಎಂದು ವಿಂಗಡಿಸಿತು. 2015 ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಹರಾಜಿಗೆ ಸಂಬಂಧಿಸಿದ ಪ್ರಕರಣದಲ್ಲಿ, ನಷ್ಟವೇ ಆಗದಿದ್ದಲ್ಲಿ ಪರಿಹಾರವೂ ಇಲ್ಲ ಎಂಬ ತತ್ತ್ವವನ್ನು ಮುಟ್ಟುಗೋಲಿಗೂ ಅನ್ವಯಿಸಿತು. ಹೀಗೆ ಖರೀದಿದಾರನ ಪಾಲಿಗೆ ವಾದವೊಂದು ಉಳಿದಿರುತ್ತದೆ. ಆದರೆ ಆ ವಾದವನ್ನು ಗೆಲ್ಲಲು ಸಿವಿಲ್ ನ್ಯಾಯಾಲಯದಲ್ಲಿ ಕಳೆಯಬೇಕಾದ ವರ್ಷಗಳನ್ನು ಲೆಕ್ಕ ಹಾಕಿದರೆ, ಮಾತುಕತೆಯೇ ಅಗ್ಗದ ದಾರಿ ಎಂಬುದು ಉಭಯಪಕ್ಷಗಳಿಗೂ ಬೇಗನೆ ಮನವರಿಕೆಯಾಗುತ್ತದೆ.

ವರದಿಯನ್ನು ಓದುವ ಬಗೆ

ಬ್ಯಾಂಕಿನ ಮೌಲ್ಯಮಾಪಕರು ಬಂದು ಹೋದರೆ ತಪಾಸಣೆ ಆಯಿತೆಂಬ ಭಾವನೆ ವ್ಯಾಪಕವಾಗಿದೆ. ಅವರು ನೋಡುವುದು ಸಾಲಕ್ಕೆ ಸ್ವತ್ತು ಸಾಕಾಗುತ್ತದೆಯೇ ಎಂಬುದನ್ನು. ಅಳತೆ, ನಕ್ಷೆ, ಸುತ್ತಲಿನ ದರ, ಕಟ್ಟಡದ ಉಳಿದ ಆಯುಷ್ಯ ಇವು ಅವರ ವಿಷಯಗಳು. ಗಾರೆಯೊಳಗಿನ ತುಕ್ಕು ಅವರ ನಮೂನೆಯಲ್ಲಿ ಬರುವುದಿಲ್ಲ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಮತ್ತು ಆತನು ದುರಸ್ತಿಯ ಗುತ್ತಿಗೆಯನ್ನು ತಾನೇ ಹಿಡಿಯುವವನಾಗಿರಬಾರದು. ಗುತ್ತಿಗೆ ಹಿಡಿಯುವವನು ಬರೆದ ವರದಿಯನ್ನು ಮಾರಾಟಗಾರರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಕರ್ನಾಟಕದ ಹಳೆಯ ಮನೆಗಳಲ್ಲಿ ಬೆಲೆಯನ್ನು ಅಲುಗಿಸಬಲ್ಲ ದೋಷಗಳಲ್ಲಿ ಮುಖ್ಯವಾದುದು ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯುವುದು. ಹೊಸ ಕಾಂಕ್ರೀಟು ಕ್ಷಾರಗುಣವುಳ್ಳದ್ದು; ಆ ಕ್ಷಾರವೇ ಸರಳುಗಳನ್ನು ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲಾಮ್ಲ ಒಳಹೊಕ್ಕು ಕ್ಷಾರಗುಣ ಕುಗ್ಗುತ್ತದೆ. ಸರಳಿನ ಮೇಲಿನ ಕಾಂಕ್ರೀಟಿನ ಹೊದಿಕೆ ತೆಳುವಾಗಿದ್ದರೆ, ಎಂದರೆ ಮೇಸ್ತ್ರಿಯು ಸರಳುಗಳ ಅಡಿಗೆ ಬಿಲ್ಲೆ ಇಡದೆ ಕಾಂಕ್ರೀಟು ಸುರಿದಿದ್ದರೆ, ಇದು ಬೇಗನೆ ಸಂಭವಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಸಿಡಿದು ಚಕ್ಕೆಯಾಗಿ ಉದುರುತ್ತದೆ. ಸಜ್ಜಾ, ಸ್ನಾನಗೃಹದ ಮೇಲಿನ ಸ್ಲ್ಯಾಬು, ನೀರಿನ ಟ್ಯಾಂಕಿನ ಕೆಳಭಾಗ ಇವು ಮೊದಲು ಕೆಡುವ ಜಾಗಗಳು. ಕರಾವಳಿಯಲ್ಲಿ ಉಪ್ಪುಗಾಳಿ ಸೇರಿಕೊಂಡು ಕೆಲಸವನ್ನು ತ್ವರಿತಗೊಳಿಸುತ್ತದೆ. ಅಲ್ಲಿ ಕೆಟ್ಟ ಭಾಗಕ್ಕೆ ಮಾತ್ರ ತೇಪೆ ಹಾಕಿದರೆ ಪಕ್ಕದ ಭಾಗ ಮತ್ತಷ್ಟು ಬೇಗ ಕೆಡುವ ಸಂಭವವೂ ಇರುವುದರಿಂದ ದುರಸ್ತಿಯ ಅಂದಾಜನ್ನು ಧಾರಾಳವಾಗಿಯೇ ಹಾಕಬೇಕಾಗುತ್ತದೆ.

ಪರೀಕ್ಷೆಗಳು ಕೆಲವಿವೆ. ಒಡೆದ ಕಾಂಕ್ರೀಟಿನ ಹೊಸ ಮುಖಕ್ಕೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರ ಹೋದ ಭಾಗ ಬಣ್ಣ ಬದಲಿಸುವುದಿಲ್ಲ. ಖರ್ಚು ಅಲ್ಪ, ಮತ್ತು ಫಲಿತಾಂಶ ಮಾರಾಟಗಾರರ ಕಣ್ಣೆದುರಿಗೇ ಕಾಣುವುದರಿಂದ ಮಾತುಕತೆಯಲ್ಲಿ ಇದರ ಪ್ರಭಾವ ಹೆಚ್ಚು. ಶಬ್ದಾತೀತ ತರಂಗ ಪರೀಕ್ಷೆಯಲ್ಲಿ ತರಂಗವು ಸೆಕೆಂಡಿಗೆ 3.5 ಕಿಲೋಮೀಟರಿಗಿಂತ ವೇಗವಾಗಿ ಸಾಗಿದರೆ ಕಾಂಕ್ರೀಟು ಉತ್ತಮ, 3 ಕ್ಕಿಂತ ಕಡಿಮೆಯಾದರೆ ಸಂದೇಹಾಸ್ಪದ ಎಂದು 1992 ರ ಭಾರತೀಯ ಮಾನಕವು ಅಳತೆಗೋಲು ಕೊಟ್ಟಿತ್ತು. ಎಲ್ಲರೂ ಬಳಸುವ ಸುತ್ತಿಗೆ ಪರೀಕ್ಷೆಯ ವಿಷಯದಲ್ಲಿ ಮಾತ್ರ ಜಾಗರೂಕರಾಗಿರಬೇಕು. ಅದರಿಂದ ಅಂದಾಜಿಸಿದ ಬಲ ಶೇ. 25 ರಷ್ಟು ಆಚೀಚೆ ಇರಬಹುದೆಂದು ಮಾನಕವೇ ಒಪ್ಪಿಕೊಂಡಿದೆ. ಸಾಲದ್ದಕ್ಕೆ, ಕ್ಷಾರ ಕಳೆದುಕೊಂಡ ಹಳೆಯ ಕಾಂಕ್ರೀಟಿನ ಮೇಲ್ಮೈ ಗಡುಸಾಗುವುದರಿಂದ ಸುತ್ತಿಗೆಯು ಇರುವುದಕ್ಕಿಂತ ಹೆಚ್ಚಿನ ಅಂಕವನ್ನೇ ತೋರಿಸುತ್ತದೆ. ಸುತ್ತಿಗೆಯ ಅಂಕವೊಂದನ್ನೇ ಹಿಡಿದು ಕಟ್ಟಡ ಗಟ್ಟಿಮುಟ್ಟಾಗಿದೆ ಎನ್ನುವ ವರದಿಗೆ ಬೆಲೆ ಕಡಿಮೆ.

ಹುಬ್ಬಳ್ಳಿ, ಗದಗ, ವಿಜಯಪುರದ ಎರೆಮಣ್ಣಿನ ಸೀಮೆಯಲ್ಲಿ ಚಿಂತೆ ಅಡಿಪಾಯದ್ದು. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಆ ಮಣ್ಣಿನ ಮೇಲೆ, ಆಳಕ್ಕೆ ಹೋಗದ ಅಡಿಪಾಯವಿದ್ದ ಮನೆ ಪ್ರತಿವರ್ಷ ಮೇಲೆ ಕೆಳಗೆ ಆಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು ಅದರ ಗುರುತು. ಏಪ್ರಿಲ್ ತಿಂಗಳಲ್ಲಿ ಬೆರಳು ತೂರುವಷ್ಟು ಅಗಲವಿದ್ದ ಬಿರುಕು ಆಗಸ್ಟಿನಲ್ಲಿ ಕೂದಲೆಳೆಯಷ್ಟಾಗಬಹುದು. ಆದ್ದರಿಂದ ಮಳೆಗಾಲದಲ್ಲಿ ಮಾಡಿಸಿದ ಒಂದೇ ತಪಾಸಣೆಯಿಂದ ಇಲ್ಲಿ ಏನನ್ನೂ ನಿಶ್ಚಯಿಸಲಾಗದು. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ, ಅದು ಒಡೆಯುವುದೇ ಎಂದು ಋತು ಬದಲಾಗುವವರೆಗೆ ಕಾಯಬೇಕು. ಕರಾವಳಿಯಲ್ಲಿ ಇದಕ್ಕೆ ವಿರುದ್ಧ: ಅಲ್ಲಿ ಬೇಸಿಗೆಯಲ್ಲಿ ನೋಡಿದ ಮನೆ ಏನನ್ನೂ ಹೇಳುವುದಿಲ್ಲ, ಜೂನ್ ಬಂದ ಮೇಲೆ ಗೋಡೆಗಳೇ ಹೇಳುತ್ತವೆ.

ಎರಡು ಮಹಡಿಗೆಂದು ಹಾಕಿದ ಪಿಲ್ಲರುಗಳ ಮೇಲೆ ಮೂರನೆಯದನ್ನು ಕಟ್ಟಿರುವುದು, ಅನುಮೋದಿತ ನಕ್ಷೆಯಿಂದ ವಿಚಲನೆ ಇವೂ ವರದಿಯಲ್ಲಿ ಬರಬೇಕು. ಇನ್ನು ಗಾರೆಯ ಕೂದಲೆಳೆ ಬಿರುಕು, ಸವೆದ ನಲ್ಲಿ, ಮಾಸಿದ ಟೈಲ್ಸ್ ಇವನ್ನೆಲ್ಲ ಪಟ್ಟಿ ಮಾಡಿ ಬೆಲೆ ಇಳಿಸಲು ಕೇಳುವುದು ಅವಿವೇಕ. ನಲವತ್ತು ಅಂಶಗಳ ಪಟ್ಟಿಯಲ್ಲಿ ಮೂವತ್ತೆಂಟು ಕ್ಷುಲ್ಲಕವಾಗಿದ್ದರೆ ಉಳಿದೆರಡರ ತೂಕವೂ ಹೋಗುತ್ತದೆ.

ಒಂದು ಮಾದರಿ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಕಲ್ಪಿತ ಅಂಕಿಗಳ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. 30 ಅಡಿಗೆ 40 ಅಡಿಯ ನಗರ ನಿವೇಶನದಲ್ಲಿರುವ ಇಪ್ಪತ್ತೈದು ವರ್ಷದ ಮನೆ. ಕರಾರಿನ ಬೆಲೆ 95 ಲಕ್ಷ ರೂಪಾಯಿ. ಅದರಲ್ಲಿ ನಿವೇಶನದ ಪಾಲು 65 ಲಕ್ಷ, ಕಟ್ಟಡದ್ದು 30 ಲಕ್ಷ ಎನ್ನೋಣ. ತಪಾಸಣೆಯ ವರದಿಯ ಪ್ರಕಾರ ತಾರಸಿಯ ಸ್ಲ್ಯಾಬು ಮತ್ತು ಸಜ್ಜಾಗಳ ತುಕ್ಕಿನ ದುರಸ್ತಿಗೆ 5.40 ಲಕ್ಷ, ಜಲನಿರೋಧಕ್ಕೆ 1.20 ಲಕ್ಷ, ಅರ್ಥಿಂಗ್ ಸಹಿತ ಹೊಸ ವೈರಿಂಗಿಗೆ 1.60 ಲಕ್ಷ ಬೇಕು. ಹಿಂಬದಿಯ ಗೋಡೆಯಲ್ಲಿ ಒಂದು ಓರೆ ಬಿರುಕಿದೆ. ಅದು ನಿಂತಿದೆಯೋ ಬೆಳೆಯುತ್ತಿದೆಯೋ ಈಗಲೇ ಹೇಳಲಾಗದು.

ಇಷ್ಟನ್ನೂ ಕೂಡಿಸಿ 8.20 ಲಕ್ಷ ಇಳಿಸಿರೆಂದು ಕೇಳುವುದು ಸಹಜವಾದರೂ ಸರಿಯಲ್ಲ. ಇಪ್ಪತ್ತೈದು ವರ್ಷದ ಮನೆಯಲ್ಲಿ ವೈರಿಂಗು ಹಳೆಯದಾಗಿರುವುದು ಯಾರಿಗೂ ಗುಟ್ಟಲ್ಲ. ಮೊದಲ ಬೆಲೆ ತೀರ್ಮಾನವಾದಾಗಲೇ ಅದು ಲೆಕ್ಕಕ್ಕೆ ಬಂದಿದೆಯೆಂದು ಮಾರಾಟಗಾರ ಹೇಳಿದರೆ ಉತ್ತರವಿಲ್ಲ. ಕಾಣದಿದ್ದ ದೋಷದ ಬೆಲೆ 6.60 ಲಕ್ಷ. ದುರಸ್ತಿ ನಡೆಯುವ ಮೂರು ತಿಂಗಳು ಬೇರೆಡೆ ಕೊಡಬೇಕಾದ ಬಾಡಿಗೆ 45 ಸಾವಿರವನ್ನು ಸೇರಿಸಿದರೆ 7.05 ಲಕ್ಷ. ಇದು ನ್ಯಾಯವಾಗಿ ಮಂಡಿಸಬಹುದಾದ ಅಂಕಿ. ಓರೆ ಬಿರುಕಿನ ಪ್ರಶ್ನೆಯನ್ನು ಬೆಲೆಗೆ ಸೇರಿಸದೆ ಪ್ರತ್ಯೇಕವಾಗಿ ಇಡುವುದು ಉಚಿತ. ಏಕೆಂದರೆ ಗೊತ್ತಿಲ್ಲದ ಖರ್ಚಿಗೆ ಇಂದೇ ಬೆಲೆ ಕಟ್ಟಿದರೆ ಇಬ್ಬರಲ್ಲೊಬ್ಬರು ಮೋಸಹೋಗುವುದು ಖಂಡಿತ.

ಮಾರಾಟಗಾರರ ಪಕ್ಷದಿಂದ ಬರುವ ಪ್ರಬಲ ವಾದ ಒಂದುಂಟು. ಕೊಡುತ್ತಿರುವುದು ನೆಲದ ಬೆಲೆ, ಕಟ್ಟಡ ಉಚಿತವಾಗಿ ಬರುತ್ತಿದೆ ಎಂಬುದೇ ಅದು. ನಗರದ ನಡುವಿನ ಹಳೆಯ ಮನೆಗಳ ವಿಷಯದಲ್ಲಿ ಇದರಲ್ಲಿ ಸತ್ಯಾಂಶವಿದೆ. ಕೆಡವಿ ಹೊಸದಾಗಿ ಕಟ್ಟುವ ಉದ್ದೇಶದಿಂದ ಕೊಳ್ಳುವವನಿಗೆ ಸ್ಲ್ಯಾಬಿನ ತುಕ್ಕು ನಷ್ಟವೇ ಅಲ್ಲ. ವಾಸಕ್ಕೆಂದು, ಕೆಳಗೆ ಅಂಗಡಿ ಅಥವಾ ಕಚೇರಿ ಇಟ್ಟುಕೊಳ್ಳಲೆಂದು ಕೊಳ್ಳುವವನಿಗೆ ಅದು ನಷ್ಟ. ಆದ್ದರಿಂದ ಕರಾರಿನಲ್ಲಿಯೇ ಖರೀದಿಯ ಉದ್ದೇಶವನ್ನು ನಮೂದಿಸಿದ್ದರೆ ಈ ವಾದಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಬೆಲೆ ಇಳಿದಾಗ ತೆರಿಗೆಯೂ ಸಾಲವೂ

ಮೇಲಿನ ಉದಾಹರಣೆಯಲ್ಲಿ ಮಾತುಕತೆ ನಡೆದು ಬೆಲೆ 5.50 ಲಕ್ಷದಷ್ಟು ಇಳಿದು 89.50 ಲಕ್ಷಕ್ಕೆ ನಿಂತಿತೆನ್ನೋಣ. ಖರೀದಿದಾರನು ಗೆದ್ದೆನೆಂದು ತಿಳಿಯುವ ಮುಂಚೆ ಮೂರು ಲೆಕ್ಕಗಳನ್ನು ನೋಡಬೇಕಾಗುತ್ತದೆ. ಈ ಭಾಗವನ್ನು ಬಹುಪಾಲು ಖರೀದಿದಾರರು ನೋಂದಣಿಯ ದಿನದವರೆಗೂ ಮರೆತಿರುತ್ತಾರೆ.

ಮೊದಲನೆಯದು ಮುದ್ರಾಂಕ ಶುಲ್ಕ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಸ್ವತ್ತಿಗೆ ಶೇ. 5 ರ ಶುಲ್ಕ, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರಿ ನಗರ ಪ್ರದೇಶದಲ್ಲಿ ಶೇ. 5.6, 2025 ರ ಆಗಸ್ಟ್ 31 ರಿಂದ ನೋಂದಣಿ ಶುಲ್ಕ ಶೇ. 1 ರಿಂದ ಶೇ. 2 ಕ್ಕೆ ಏರಿದ್ದರಿಂದ ಒಟ್ಟು ಶೇ. 7.6. ಬೆಲೆ 5.50 ಲಕ್ಷ ಇಳಿದರೆ ಇಲ್ಲಿ 41,800 ರೂಪಾಯಿ ಉಳಿಯಬೇಕು. ಆದರೆ ಶುಲ್ಕದ ಲೆಕ್ಕ ಬೆಲೆ ಅಥವಾ ಮಾರ್ಗಸೂಚಿ ದರ, ಇವೆರಡರಲ್ಲಿ ಹೆಚ್ಚಿನದರ ಮೇಲೆ. ಮಾರ್ಗಸೂಚಿ ಮೌಲ್ಯ 95 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಉಳಿತಾಯ ಶೂನ್ಯ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ತುಕ್ಕು ಹಿಡಿದ ಸ್ಲ್ಯಾಬಿಗೆ ರಿಯಾಯಿತಿ ಸಿಗುತ್ತದೆಂಬ ನಿರೀಕ್ಷೆ ಬೇಡ.

ಎರಡನೆಯದು ಆದಾಯ ತೆರಿಗೆ, ಮತ್ತು ಇಲ್ಲಿಯೇ ಅಪಾಯ ಹೆಚ್ಚು. ವರ್ತಕರಿಗೆ 50 ಸಿ ಎಂಬ ಹೆಸರಿನಿಂದ ಪರಿಚಿತವಾದ ನಿಯಮದ ಪ್ರಕಾರ, ಮಾರ್ಗಸೂಚಿ ಮೌಲ್ಯವು ನಿಜವಾದ ಬೆಲೆಯನ್ನು ಶೇ. 10 ಕ್ಕಿಂತ ಹೆಚ್ಚು ಮೀರಿದ್ದರೆ ಮಾರಾಟಗಾರನ ಬಂಡವಾಳ ಲಾಭವನ್ನು ಮಾರ್ಗಸೂಚಿ ಮೌಲ್ಯದ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ಅದರ ಜೋಡಿ ನಿಯಮವೊಂದು, ಅದೇ ವ್ಯತ್ಯಾಸವನ್ನು ಖರೀದಿದಾರನ ಆದಾಯಕ್ಕೂ ಸೇರಿಸುತ್ತದೆ. 2025 ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ವಿಧಿಗಳ ಸಂಖ್ಯೆ ಬದಲಾಗಿದೆಯೇ ಹೊರತು ತತ್ತ್ವ ಉಳಿದುಕೊಂಡಿದೆ. ಉದಾಹರಣೆಯ ಮನೆಯ ಮಾರ್ಗಸೂಚಿ ಮೌಲ್ಯ 102 ಲಕ್ಷವಿತ್ತೆನ್ನೋಣ. 95 ಲಕ್ಷದ ಬೆಲೆಗೆ ಶೇ. 10 ಸೇರಿಸಿದರೆ 104.50 ಲಕ್ಷ, ಆದ್ದರಿಂದ ಹಳೆಯ ಬೆಲೆ ಸುರಕ್ಷಿತ. 89.50 ಲಕ್ಷಕ್ಕೆ ಶೇ. 10 ಸೇರಿಸಿದರೆ 98.45 ಲಕ್ಷ ಮಾತ್ರ. 102 ಲಕ್ಷ ಅದನ್ನು ದಾಟುತ್ತದೆ. ದಾಟಿದ ಮೇಲೆ ಇಡೀ ವ್ಯತ್ಯಾಸ, ಎಂದರೆ 12.50 ಲಕ್ಷ, ಖರೀದಿದಾರನ ಆದಾಯವೆಂದು ಪರಿಗಣಿತವಾಗುತ್ತದೆ. ಶೇ. 30 ರ ಶ್ರೇಣಿಯಲ್ಲಿರುವವರಿಗೆ ಸೆಸ್ ಸೇರಿ 3.90 ಲಕ್ಷ ತೆರಿಗೆ. ಚೌಕಾಸಿಯಿಂದ ಗಳಿಸಿದ 5.50 ಲಕ್ಷದಲ್ಲಿ ಉಳಿಯುವುದು 1.60 ಲಕ್ಷ! ಮಾರಾಟಗಾರನೂ ತಾನು ಪಡೆಯದ 12.50 ಲಕ್ಷದ ಮೇಲೆ ತೆರಿಗೆ ಕೊಡಬೇಕಾಗುತ್ತದೆ.

ಇದಕ್ಕೆ ದಾರಿಗಳಿಲ್ಲದೆ ಇಲ್ಲ. ಮಾರ್ಗಸೂಚಿ ಮೌಲ್ಯವು ಸ್ವತ್ತಿನ ನಿಜ ಮೌಲ್ಯಕ್ಕಿಂತ ಹೆಚ್ಚಾಗಿದೆಯೆಂದು ಆಕ್ಷೇಪಿಸಿ, ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ವಿಷಯವನ್ನು ಒಪ್ಪಿಸುವಂತೆ ಕೋರಲು ಅವಕಾಶವಿದೆ. ಆಗ ಛಾಯಾಚಿತ್ರ, ಪರೀಕ್ಷಾ ಫಲಿತಾಂಶ, ಅಂದಾಜು ಪಟ್ಟಿಗಳುಳ್ಳ ತಪಾಸಣೆಯ ವರದಿಯೇ ಮುಖ್ಯ ಸಾಕ್ಷ್ಯವಾಗುತ್ತದೆ. ಬೆಲೆ ಇಳಿಸಲೆಂದು ಮಾಡಿಸಿದ ವರದಿ, ಇಳಿದ ಬೆಲೆಯನ್ನು ಸಮರ್ಥಿಸಲೂ ಬೇಕಾಗುವುದರಿಂದ ಅದನ್ನು ಜೋಪಾನವಾಗಿ ಕಾದಿಡಬೇಕು. ಇನ್ನೊಂದು ದಾರಿ ಹೆಚ್ಚು ಸರಳ: ಬೆಲೆಯನ್ನು ಮುಟ್ಟದೆ, ಖರೀದಿದಾರನ ಎಂಜಿನಿಯರ್ ಮೇಲ್ವಿಚಾರಣೆಯಲ್ಲಿ ಮಾರಾಟಗಾರನೇ ನೋಂದಣಿಗೆ ಮುನ್ನ ದುರಸ್ತಿ ಮಾಡಿಸಿಕೊಡುವುದು. ಮಾರ್ಗಸೂಚಿ ದರಕ್ಕೆ ಸಮೀಪದಲ್ಲಿ ನಡೆಯುವ ವ್ಯವಹಾರಗಳಲ್ಲಿ ಇದೇ ಹಿತಕರ. ರಾಜ್ಯದಲ್ಲಿ 2023 ರ ಅಕ್ಟೋಬರ್ 1 ರಂದು ಮಾರ್ಗಸೂಚಿ ದರಗಳು ಪರಿಷ್ಕೃತಗೊಂಡ ಬಳಿಕ ಈ ಲೆಕ್ಕವನ್ನು ಮೊದಲೇ ನೋಡುವ ಅಗತ್ಯ ಹೆಚ್ಚಿದೆ.

ಮೂರನೆಯದು ಬ್ಯಾಂಕ್ ಸಾಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲಕ್ಕೆ ಸ್ವತ್ತಿನ ಮೌಲ್ಯದ ಶೇ. 75, ಅದಕ್ಕಿಂತ ಕೆಳಗೆ 30 ಲಕ್ಷದವರೆಗಿನ ಶ್ರೇಣಿಗೆ ಶೇ. 80 ಗರಿಷ್ಠ ಮಿತಿ. ಬ್ಯಾಂಕು ಶೇ. 75 ರ ಲೆಕ್ಕದಲ್ಲಿ ಸಾಲ ಮಂಜೂರು ಮಾಡಿದ್ದರೆ, 95 ಲಕ್ಷಕ್ಕೆ 71.25 ಲಕ್ಷ ಸಿಗುತ್ತಿತ್ತು, 89.50 ಲಕ್ಷಕ್ಕೆ ಸಿಗುವುದು ಸುಮಾರು 67.12 ಲಕ್ಷ. ಬೆಲೆ ಇಳಿದದ್ದು 5.50 ಲಕ್ಷವಾದರೂ ಕೈಯಿಂದ ಹಾಕಬೇಕಾದ ಹಣದಲ್ಲಿ ಇಳಿದದ್ದು 1.38 ಲಕ್ಷ ಮಾತ್ರ. ದುರಸ್ತಿಗೆ ಬೇಕಾದ 6.60 ಲಕ್ಷವನ್ನು ಮಾತ್ರ ಒಡನೆಯೇ ಕೈಯಿಂದ ಹಾಕಬೇಕು. ದೀಪಾವಳಿಯ ಮುಂಚೆ ಸರಕು ತುಂಬಿಸಬೇಕಾದ ವ್ಯಾಪಾರಿಗೆ ಈ ಕೊರತೆ ನೇರವಾಗಿ ಅಂಗಡಿಗೆ ತಟ್ಟುತ್ತದೆ. ನಗದಿನ ಮುಗ್ಗಟ್ಟಿರುವವರಿಗೆ ಬೆಲೆ ಇಳಿಕೆಗಿಂತ ಮಾರಾಟಗಾರನೇ ಮಾಡಿಸಿಕೊಡುವ ದುರಸ್ತಿ ಲಾಭದಾಯಕವೆನ್ನಲು ಇದು ಎರಡನೆಯ ಕಾರಣ.

ಮಾತಿಗೆ ಕುಳಿತಾಗ

ಮಳೆಗಾಲದಲ್ಲಿ ಒಂದು ಮೂಲೆ ತುಸು ಒದ್ದೆಯಾಗುತ್ತದೆ, ಅಷ್ಟೇ ಎಂಬ ಮಾತನ್ನು ಹಳೆಯ ಮನೆ ಕೊಂಡವರೆಲ್ಲ ಕೇಳಿರುತ್ತಾರೆ. ಅದು ಸುಳ್ಳೆಂದು ಎದುರಿಗೇ ಹೇಳಿದರೆ ಮಾತು ಅಲ್ಲಿಗೇ ಮುರಿಯುತ್ತದೆ. ಮನೆ ಮಾರುವವರು ಅನೇಕ ಸಲ ಅದನ್ನು ಕಟ್ಟಿಸಿದವರೇ ಆಗಿರುತ್ತಾರೆ, ಅಥವಾ ಕಟ್ಟಿಸಿದವರ ಮಕ್ಕಳು. ಅಪ್ಪ ನಿಂತು ಕಟ್ಟಿಸಿದ ಮನೆಗೆ ದೋಷ ಹೇಳಿಸಿಕೊಳ್ಳಲು ಯಾರಿಗೂ ಮನಸ್ಸು ಬಾರದು. ಆದ್ದರಿಂದ ಅನುಭವಿಗಳು ಮೊದಲು ವರದಿಯ ಪ್ರತಿಯನ್ನು ಕಳುಹಿಸಿ, ಎರಡು ಮೂರು ದಿನ ಬಿಟ್ಟು, ಮಾರಾಟಗಾರರು ತಮ್ಮ ಕಡೆಯ ಎಂಜಿನಿಯರನ್ನು ಕರೆತರುವಂತೆ ಕೋರುತ್ತಾರೆ. ಅಂಕಿಯನ್ನು ಹೇಳುವುದು ಆ ಬಳಿಕ. ಇಬ್ಬರು ಎಂಜಿನಿಯರರು ತಾರಸಿಯ ಮೇಲೆ ನಿಂತು ಮಾತಾಡಿದರೆ ಅರ್ಧ ವಿವಾದ ಅಲ್ಲಿಯೇ ಬಗೆಹರಿಯುತ್ತದೆ. ದಲ್ಲಾಳಿಯನ್ನು ಈ ಹಂತದಲ್ಲಿ ಪೂರ್ತಿ ನೆಚ್ಚುವುದು ಸರಿಯಲ್ಲ. ಆತನ ಕಮಿಷನ್ ವ್ಯವಹಾರ ಮುಗಿಯುವುದರ ಮೇಲೆ ನಿಂತಿದೆ, ಯಾವ ಬೆಲೆಗೆ ಮುಗಿಯುತ್ತದೆ ಎಂಬುದು ಆತನಿಗೆ ಎರಡನೆಯ ಮಾತು.

ಮಾರಾಟಗಾರರು ಅಣ್ಣತಮ್ಮಂದಿರು, ಅಕ್ಕತಂಗಿಯರಾಗಿದ್ದರೆ ಹಿರಿಯಣ್ಣ ಒಪ್ಪಿದನೆಂದು ಬೆಲೆ ಇಳಿಯಿತೆಂದು ತಿಳಿಯಲಾಗದು. ಹುಬ್ಬಳ್ಳಿಯ ಮನೆಯ ಪಾಲುದಾರಳಾದ ತಂಗಿ ಪುಣೆಯಲ್ಲಿರಬಹುದು. ಇಳಿಕೆಯಿಂದ ಅವಳ ಪಾಲೂ ಇಳಿಯುವುದರಿಂದ ಅವಳ ಸಹಿಯೂ ಬೇಕು.

ಖರೀದಿದಾರನು ಮಾತಿನ ನಡುವೆ ಕರಾರಿನ ಗಡುವನ್ನು ಮರೆಯಬಾರದು. ತಕರಾರು ನಡೆದಿದೆಯೆಂದು ಸುಮ್ಮನಿದ್ದು ಗಡುವು ಮೀರಿದರೆ, ಆತನೇ ಕರಾರು ಪಾಲಿಸಲು ಸಿದ್ಧನಿರಲಿಲ್ಲವೆಂಬ ಆಪಾದನೆಗೆ ಗುರಿಯಾಗುತ್ತಾನೆ. ಗಡುವಿನ ಮುನ್ನವೇ, ವರದಿಯ ವಿವರ, ಕೋರಿಕೆ ಮತ್ತು ವ್ಯವಹಾರವನ್ನು ಪೂರೈಸಲು ತಾನು ಸಿದ್ಧನೆಂಬ ಹೇಳಿಕೆಯನ್ನು ಸ್ಪೀಡ್ ಪೋಸ್ಟ್ ಮೂಲಕ ತಿಳಿಸುವುದು ಅಗತ್ಯ.

ಕಾಗದಕ್ಕೆ ಇಳಿಸುವಾಗ

ಬಾಯಿಮಾತಿನಲ್ಲಿ ಒಪ್ಪಿದ ಇಳಿಕೆಗೆ ಆಧಾರವಿಲ್ಲ. ಮೂಲ ಕರಾರು ನೋಂದಣಿಯಾಗಿದ್ದರೆ, ಅದನ್ನು ನಂತರ ಬಾಯಿಮಾತಿನಲ್ಲಿ ಬದಲಿಸಿದೆವೆಂದು ಸಾಬೀತುಪಡಿಸಲು ಸಾಕ್ಷ್ಯ ಕಾನೂನು ಅವಕಾಶವನ್ನೇ ಕೊಡುವುದಿಲ್ಲ. 1872 ರ ಕಾಯ್ದೆಯ ಜಾಗಕ್ಕೆ 2024 ರ ಜುಲೈ 1 ರಂದು ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೇ ಕಟ್ಟಳೆ ಇದೆ. ಪೂರಕ ಕರಾರು ಪತ್ರವೊಂದನ್ನು ಮಾಡಿ, ಮೂಲ ಪತ್ರದ ದಿನಾಂಕ, ಹಳೆಯ ಬೆಲೆ, ತಪಾಸಣೆಯ ವರದಿಯ ಉಲ್ಲೇಖ, ಹೊಸ ಬೆಲೆ ಇವಿಷ್ಟನ್ನು ಬರೆದು ಎಲ್ಲ ಪಾಲುದಾರರ ಸಹಿ ಪಡೆದು, ಮೂಲ ಪತ್ರದಂತೆಯೇ ನೋಂದಣಿ ಮಾಡಿಸಬೇಕು. ಬೆಲೆಯ ಒಂದು ಭಾಗವನ್ನು ಲೆಕ್ಕವಿಲ್ಲದೆ ಕೊಡುವ ಹಳೆಯ ಚಾಳಿಯುಳ್ಳವರು ಇಲ್ಲಿ ಸಿಕ್ಕಿಬೀಳುತ್ತಾರೆ: ಇಳಿಕೆ ಆ ಕಾಣದ ಭಾಗದಲ್ಲಿ ಆಯಿತೋ ಕಾಣುವ ಭಾಗದಲ್ಲಿ ಆಯಿತೋ ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. 2015 ರ ಜೂನ್ 1 ರಿಂದ ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆಯುವುದಕ್ಕೂ, ವ್ಯವಹಾರ ಮುರಿದಾಗ ಹಾಗೆಯೇ ಹಿಂದಿರುಗಿಸುವುದಕ್ಕೂ ನಿಷೇಧವಿದ್ದು, ದಂಡವು ಆ ಮೊತ್ತದಷ್ಟೇ ಇರುತ್ತದೆ.

ಓರೆ ಬಿರುಕಿನಂತಹ ಅನಿಶ್ಚಿತ ದೋಷಕ್ಕೆ ಬೆಲೆಯಲ್ಲಿ ಸ್ವಲ್ಪ ಹಣವನ್ನು ತಡೆಹಿಡಿಯುವ ಏರ್ಪಾಡು ಸೂಕ್ತ. ಉದಾಹರಣೆಯ ಮನೆಯಲ್ಲಿ 89.50 ಲಕ್ಷದ ಪೈಕಿ 2 ಲಕ್ಷವನ್ನು, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆಯುವವರೆಗೆ ಉಳಿಸಿಕೊಂಡು, ಬಿರುಕು ಬೆಳೆಯದಿದ್ದರೆ ಪೂರ್ತಿ ಕೊಡುವುದು, ಬೆಳೆದರೆ ದುರಸ್ತಿಯ ಬಿಲ್ಲನ್ನು ಕಳೆದು ಕೊಡುವುದು ಎಂದು ಬರೆಯಬಹುದು. ಯಾರ ಎಂಜಿನಿಯರ್ ಅಳೆಯುತ್ತಾನೆ, ಎಷ್ಟು ಮಿಲಿಮೀಟರ್ ಬೆಳೆದರೆ ಬೆಳೆದಂತೆ ಎಂಬುದನ್ನೂ ಬರೆಯಬೇಕು. ಹಣ ಬಾರದೆ ಹೋದರೆ ಎಂದು ಮಾರಾಟಗಾರರು ಅಂಜುವುದು ಸಹಜ. ಸ್ವತ್ತು ವರ್ಗಾವಣೆ ಕಾಯ್ದೆಯ 55 ನೆಯ ವಿಧಿಯೇ ಅವರಿಗೆ ಸಂದಾಯವಾಗದ ಬೆಲೆಗೆ ಆ ಸ್ವತ್ತಿನ ಮೇಲೆ ಋಣಭಾರದ ಹಕ್ಕನ್ನು ಕೊಡುತ್ತದೆಂಬುದನ್ನು ವಕೀಲರ ಮೂಲಕ ತಿಳಿಸಿದರೆ ಒಪ್ಪಿಗೆ ಸುಲಭವಾಗುತ್ತದೆ. ಆದರೆ ಕ್ರಯಪತ್ರದಲ್ಲಿ ಬೆಲೆ ಪೂರ್ತಿ ಸಂದಾಯವಾಯಿತೆಂದು ಬರೆಯಿಸದೆ, ತಡೆಹಿಡಿದ ಮೊತ್ತವನ್ನು ಪ್ರತ್ಯೇಕವಾಗಿ ಕಾಣಿಸಬೇಕು. ಸಾಲ ಕೊಡುವ ಬ್ಯಾಂಕು ಇಂಥ ಬಾಕಿಯನ್ನು ಒಪ್ಪುತ್ತದೆಯೇ ಎಂದು ಮುಂಚಿತವಾಗಿ ಕೇಳಿಕೊಳ್ಳಬೇಕು.

ನೋಂದಣಿಯ ಹಿಂದಿನ ದಿನ ಮನೆಯನ್ನು ಮತ್ತೊಮ್ಮೆ ನೋಡುವುದು ಉಳಿದಿರುವ ಕೆಲಸ. ಕರಾರಿನಿಂದ ಸ್ವಾಧೀನದವರೆಗೆ ವಿವೇಕಿಯಾದ ಮಾಲೀಕನಂತೆ ಸ್ವತ್ತನ್ನು ನೋಡಿಕೊಳ್ಳುವ ಹೊಣೆ ಮಾರಾಟಗಾರನದು. ಕ್ರಯಪತ್ರಕ್ಕೆ ಸಹಿ ಬಿದ್ದ ಮೇಲೆ ನಷ್ಟದ ಹೊಣೆ ಖರೀದಿದಾರನಿಗೆ ವರ್ಗವಾಗುತ್ತದೆ. ಖಾಸಗಿ ವ್ಯಕ್ತಿ ಮಾರಿದ ಹಳೆಯ ಮನೆಗೆ, ಬಿಲ್ಡರ್ ಕಟ್ಟಿಕೊಟ್ಟ ಮನೆಗೆ 2016 ರ ರೇರಾ ಕಾಯ್ದೆ ಕೊಡುವ ಐದು ವರ್ಷದ ದೋಷ ಹೊಣೆಗಾರಿಕೆ ಅನ್ವಯಿಸುವುದಿಲ್ಲ. ಆದ್ದರಿಂದ ಆ ದಿನ ತಾರಸಿ ಹತ್ತಿ, ಟ್ಯಾಂಕಿನ ಕೆಳಗೆ ಬಗ್ಗಿ ನೋಡಿ, ವರದಿಯ ಛಾಯಾಚಿತ್ರಗಳೊಂದಿಗೆ ಹೋಲಿಸಿದ ಬಳಿಕವೇ ಉಳಿದ ಹಣದ ಡಿಮಾಂಡ್ ಡ್ರಾಫ್ಟ್ ಮಾಡಿಸಲು ಬ್ಯಾಂಕಿಗೆ ಹೋಗುವುದು ರೂಢಿಯಾಗಬೇಕಾಗಿದೆ.